ಟೊಪ್ಪಿಗೆ ಕೇಳುವ ಸರಕಾರ, ತಲೆ ಕೇಳುವ ಸರಕಾರ

1930ರ ಮೇ ತಿಂಗಳಲ್ಲಿ ಸೊಲ್ಲಾಪುರದ ಬೀದಿಯಲ್ಲಿ ಖಾದಿಯ ಬಿಳಿ ಟೊಪ್ಪಿಗೆ ಹಾಕಿಕೊಂಡು ನಡೆಯುವುದು ಅಪರಾಧವಾಯಿತು. ಮೇ 5ರಂದು ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಶಹರ ಕುದಿಯಿತು. 8ರಂದು ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು. ಜನ ಪೊಲೀಸ್ ಚೌಕಿಗಳಿಗೂ ಕೋರ್ಟಿಗೂ ಬೆಂಕಿ ಇಟ್ಟರು. ಕೆಲವು ದಿನ ಬ್ರಿಟಿಷರ ಆಡಳಿತವೇ ಅಲ್ಲಿ ಕಾಣಲಿಲ್ಲ. 12ಕ್ಕೆ ಮಾರ್ಶಲ್ ಲಾ ಜಾರಿಯಾಯಿತು, ಜೂನ್ ಕೊನೆಯವರೆಗೂ ನಡೆಯಿತು. ಧ್ವಜ ಹಿಡಿದವರು ಜೈಲು ಕಂಡರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಭೀಮೆಯ ದಂಡೆಯ ನಮ್ಮ ಭಂಡಾರಕವಠೆಯವರಿಗೆ ಸೊಲ್ಲಾಪುರ ಎಂದರೆ ಪೇಟೆ, ಕೋರ್ಟು, ದವಾಖಾನೆ, ಒಂದು ಕಾಲಕ್ಕೆ ಗಿರಣಿಯ ಕೂಲಿ. ಹಾಗಾಗಿ ಈ ನಾಲ್ವರ ಹೆಸರು ಇಲ್ಲಿಯವರಿಗೆ ಪಠ್ಯಪುಸ್ತಕದ ಹೆಸರಲ್ಲ. ಬಸ್ಸಿನಲ್ಲಿ ಕೂತು ನೋಡುತ್ತ ಹೋಗುವ ಚೌಕದ ಪುತ್ಥಳಿಗಳು.

ಇತಿಹಾಸಕಾರನಿಗೆ ಈ ವೃತ್ತಾಂತದಲ್ಲಿ ಗುಂಡು, ಬೆಂಕಿ, ಗಲ್ಲು ದೊಡ್ಡವು. ಕಾದಂಬರಿಕಾರನ ಕಣ್ಣು ಟೊಪ್ಪಿಗೆಯ ಮೇಲೆ ನಿಲ್ಲುತ್ತದೆ. ಒಂದು ಸಾಮ್ರಾಜ್ಯ, ತೋಪು-ಬಂದೂಕುಗಳಿದ್ದ ಸಾಮ್ರಾಜ್ಯ, ನಾಲ್ಕಾಣೆಯ ಬಟ್ಟೆಗೆ ಹೆದರಿತಲ್ಲ! ಆ ಹೆದರಿಕೆಯಲ್ಲಿ ಅಧಿಕಾರದ ಗುಟ್ಟೊಂದು ಬಯಲಾಗುತ್ತದೆ. ಬೆಳಿಗ್ಗೆ ಮನೆಯಿಂದ ಹೊರಡುವ ಗುಮಾಸ್ತನೊಬ್ಬ ಗೂಟಕ್ಕೆ ತೂಗಿದ ಟೊಪ್ಪಿಗೆಯ ಕಡೆ ಕೈ ಚಾಚಿ ಒಂದು ಕ್ಷಣ ತಡೆದರೆ, ಆ ತಡೆಯುವಿಕೆಯಲ್ಲಿ ಇಡೀ ಮಾರ್ಶಲ್ ಲಾ ಇದೆ. ಡಿಸ್ಟೋಪಿಯ ಎಂದು ಕರೆಯುವ ಕಾದಂಬರಿಗಳು, ಅಂದರೆ ಸರಕಾರ ಮನುಷ್ಯನನ್ನು ಪೂರ್ತಿ ನುಂಗಿದ ನಾಡುಗಳ ಕತೆಗಳು, ಬರೆಯುವುದು ಈ ಕ್ಷಣದ ಬಗ್ಗೆ. ಅವುಗಳ ಕಸುಬುಗಾರಿಕೆಯನ್ನು ನಾನು ಬಹಳ ಮೆಚ್ಚುತ್ತೇನೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸಾವಕಾಶವಾಗಿ ಬಿಡಿಸಿ ತೋರಿಸುವುದು ಈ ಬರಹದ ಉದ್ದೇಶ.

ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ಸೊಲ್ಲಾಪುರದ ಮಾರ್ಶಲ್ ಲಾ ಕ್ರೂರವಾಗಿತ್ತು, ಆದರೆ ಅದಕ್ಕೆ ಬೇಕಾದದ್ದು ಟೊಪ್ಪಿಗೆ ಮಾತ್ರ. ಟೊಪ್ಪಿಗೆ ತೆಗೆದು ಜೇಬಿನಲ್ಲಿಟ್ಟುಕೊಂಡು ಮನಸ್ಸಿನಲ್ಲಿ ನೀವು ಏನು ಬೈದುಕೊಂಡರೂ ಸೈನಿಕನಿಗೆ ಸಂಬಂಧವಿರಲಿಲ್ಲ. ಇಪ್ಪತ್ತನೆಯ ಶತಮಾನ ಕಂಡ ಸರ್ವಂಕಷ ಪ್ರಭುತ್ವಗಳು, ಹಿಟ್ಲರನ ಜರ್ಮನಿ, ಸ್ಟಾಲಿನ್ನನ ರಷ್ಯಾ, ಬೇರೆ ಜಾತಿಯವು. ಅವಕ್ಕೆ ಟೊಪ್ಪಿಗೆ ಸಾಲದು, ತಲೆ ಬೇಕು. ಟೊಪ್ಪಿಗೆಯನ್ನು ನೀವೇ ನಗುನಗುತ್ತ ತೆಗೆಯಬೇಕು, ತೆಗೆಸಿದ್ದಕ್ಕೆ ಉಪಕಾರ ಸ್ಮರಿಸಬೇಕು, ಟೊಪ್ಪಿಗೆ ಎಂಬುದು ಎಂದೂ ಇರಲೇ ಇಲ್ಲ ಎಂದು ನಂಬಬೇಕು. ಇಂಥದ್ದನ್ನು ವರದಿ ಮಾಡುವುದು ಕಷ್ಟ. ತಲೆಯ ಒಳಗೆ ಆಗುವುದನ್ನು ಯಾವ ಬಾತ್ಮೀದಾರ ನೋಡಿ ಬರೆಯಬೇಕು? ಅದಕ್ಕಾಗಿಯೇ ಇಲ್ಲಿ ಕಾದಂಬರಿ ಬೇಕಾಯಿತು.

ಈ ಕಸುಬನ್ನು ಶುರುಮಾಡಿದವರಲ್ಲಿ ದೊಡ್ಡವನು ರಷ್ಯಾದ ಯೆವ್ಗೆನಿ ಜಮ್ಯಾಟಿನ್. ವೃತ್ತಿಯಲ್ಲಿ ಹಡಗು ಕಟ್ಟುವ ಎಂಜಿನಿಯರ್. ಒಂದನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿದ್ದು, ರಷ್ಯಾಕ್ಕಾಗಿ ಹಿಮ ಒಡೆಯುವ ಹಡಗುಗಳನ್ನು ಕಟ್ಟಿಸುವ ಉಸ್ತುವಾರಿ ನೋಡಿಕೊಂಡಿದ್ದ. ಝಾರ್ ದೊರೆಯ ಕಾಲದಲ್ಲೂ ಜೈಲು ಕಂಡ, ಝಾರನನ್ನು ಕೆಡವಿದ ಬೊಲ್ಶೆವಿಕರ ಕಾಲದಲ್ಲೂ ಕಂಡ, ಅದೂ ಅದೇ ಜೈಲಿನಲ್ಲಿ. 1921ರ ಹೊತ್ತಿಗೆ ಅವನು ಮುಗಿಸಿದ ‘ನಾವು’ ಎಂಬ ಕಾದಂಬರಿ 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಸ್ವಂತ ದೇಶದಲ್ಲಿ ಬೆಳಕು ಕಂಡದ್ದು 1988ರಲ್ಲಿ. ಆ ನಾಡಿನಲ್ಲಿ ಮನೆಗಳ ಗೋಡೆಗಳೆಲ್ಲ ಗಾಜು. ಮನುಷ್ಯರಿಗೆ ಹೆಸರಿಲ್ಲ, ಅಕ್ಷರ ಮತ್ತು ಅಂಕಿ: ಕತೆ ಹೇಳುವವನು ಡಿ-503. ಏಳುವುದು, ನಡೆಯುವುದು, ಮಲಗುವುದು ಎಲ್ಲ ಸರಕಾರದ ವೇಳಾಪಟ್ಟಿಯಂತೆ. ಒಂದು ತುತ್ತನ್ನು ಐವತ್ತು ಸಲ ಅಗಿಯಬೇಕೆಂಬುದೂ ಗೊತ್ತುಮಾಡಿದ್ದು. ಪರದೆ ಇಳಿಸಲು ಚೀಟಿ ಬೇಕು.

ಐವತ್ತು ಸಲ ಅಗಿಯುವ ಈ ಸಂಗತಿಯನ್ನು ಓದಿದಾಗ ನಗು ಬರುತ್ತದೆ. ಆಮೇಲೆ ನಗು ನಿಲ್ಲುತ್ತದೆ. ಬಾಯೊಳಗಿನ ತುತ್ತನ್ನೂ ಎಣಿಸುವ ಸರಕಾರಕ್ಕೆ ಇನ್ನೇನು ಎಣಿಸುವುದು ಉಳಿಯಿತು? ಎಂಜಿನಿಯರನ ಲೆಕ್ಕಾಚಾರದ ಮನಸ್ಸು ಇಲ್ಲಿ ಕೆಲಸ ಮಾಡಿದೆ. ಲೆಕ್ಕದ ಚೆಲುವನ್ನು ಬಲ್ಲವನಾದ್ದರಿಂದ, ಲೆಕ್ಕ ಯಾವ ಹೊತ್ತಿಗೆ ಸರಪಳಿಯಾಗುತ್ತದೆ ಎಂಬುದನ್ನೂ ಬಲ್ಲ. ಕತೆ ಹೇಳುವ ಡಿ-503 ಕೂಡ ಗಣಿತಜ್ಞ, ಗಾಜಿನ ಗೋಡೆಯನ್ನು ಮನಸಾರೆ ಹೊಗಳುವವನು. ಲೇಖಕ ಒಂದು ಕಡೆಯೂ ಗೋಡೆಯನ್ನು ತೆಗಳುವುದಿಲ್ಲ. ಹೊಗಳಿಕೆಯ ನಡುವಿನಿಂದಲೇ ನಮಗೆ ಉಸಿರು ಕಟ್ಟುತ್ತದೆ.

ಗಾಜಿನ ಗೋಡೆ, ಅಂಕಿಯ ಹೆಸರು ಎಂದರೆ ದೂರದ ರಷ್ಯಾದ ಕಲ್ಪನೆ ಎಂದು ನಮ್ಮ ಸೀಮೆಯವರು ಅಂದುಕೊಳ್ಳಬೇಕಾಗಿಲ್ಲ. ಸೊಲ್ಲಾಪುರದಲ್ಲಿ ಸೆಟ್ಲಮೆಂಟ್ ಎಂಬ ಭಾಗವಿದೆ. ಹುಬ್ಬಳ್ಳಿಯಲ್ಲೂ ಇದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಅಲೆಮಾರಿ ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಸಾರಿತು. ಕಳವು ಮಾಡಿದವನಿಗೆ ಶಿಕ್ಷೆ ಎಂಬುದು ಹಳೆಯ ನ್ಯಾಯ. ಕಳ್ಳರೆಂದು ಬರೆಸಿಕೊಂಡವರ ಮನೆಯಲ್ಲಿ ಹುಟ್ಟಿದ ಕೂಸಿನ ಹೆಸರನ್ನೂ ಪಟ್ಟಿಗೆ ಸೇರಿಸುವುದು ಹೊಸ ನ್ಯಾಯ. ಸೆಟ್ಲಮೆಂಟಿನ ತಂತಿ ಬೇಲಿಯ ಒಳಗೆ ಅವರನ್ನು ಇಟ್ಟರು. ಹೊತ್ತು ಹೊತ್ತಿಗೆ ಹಾಜರಿ. ಹೊರಗೆ ಹೋಗಲು ಪಾಸು. ದುಡಿಮೆಗೆ ಗಿರಣಿ. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ರದ್ದಾಯಿತು. ಜಮ್ಯಾಟಿನ್ನನಿಗೆ ಸೊಲ್ಲಾಪುರ ಗೊತ್ತಿರಲಿಲ್ಲ. ಆದರೆ ಹಾಜರಿ ಪುಸ್ತಕ ಮನುಷ್ಯನಿಗಿಂತ ದೊಡ್ಡದಾದರೆ ಏನಾಗುತ್ತದೆಂದು ಗೊತ್ತಿತ್ತು. ‘ನಾವು’ ಓದುವಾಗ ಗಾಜಿನ ಮನೆಗಿಂತ ಮೊದಲು ನನ್ನ ಕಣ್ಣಿಗೆ ಬರುವುದು ಆ ಹಾಜರಿಯ ಸಾಲು.

ಈ ಕತೆಗಳ ಇನ್ನೊಂದು ಜಾಣ್ಮೆ ಕಥಾನಾಯಕನ ಆಯ್ಕೆಯಲ್ಲಿದೆ. ಸರಕಾರದ ವಿರುದ್ಧ ಕತ್ತಿ ಹಿರಿದ ವೀರನನ್ನು ಇವು ನಾಯಕನನ್ನಾಗಿ ಮಾಡುವುದಿಲ್ಲ. ಆ ಯಂತ್ರದಲ್ಲಿ ಸಂಬಳಕ್ಕೆ ದುಡಿಯುವವನನ್ನೇ ಹುಡುಕಿ ತರುತ್ತವೆ. ಡಿ-503 ಸರಕಾರದ ಆಕಾಶನೌಕೆ ಕಟ್ಟುವವನು. ರೇ ಬ್ರ್ಯಾಡ್‌ಬರಿಯ ‘ಫ್ಯಾರನ್‌ಹೀಟ್ 451’ (1953) ಕಾದಂಬರಿಯ ಮಾಂಟ್ಯಾಗ್ ಪುಸ್ತಕ ಸುಡುವ ಖಾತೆಯ ನೌಕರ. ಜಾರ್ಜ್ ಆರ್ವೆಲ್‌ನ ‘1984’ರ ವಿನ್‌ಸ್ಟನ್ ಸ್ಮಿತ್ ಸತ್ಯ ಸಚಿವಾಲಯದ ದಾಖಲೆ ವಿಭಾಗದಲ್ಲಿ ಹಳೆಯ ಪತ್ರಿಕೆಗಳನ್ನು ತಿದ್ದುವ ಕಾರಕೂನ. ಇದರಿಂದ ಎರಡು ಲಾಭ. ಯಂತ್ರ ಹೇಗೆ ತಿರುಗುತ್ತದೆಂದು ಒಳಗಿನವನೇ ತೋರಿಸುತ್ತಾನೆ. ಎರಡನೆಯದು ಇನ್ನೂ ಮುಖ್ಯ: ಓದುವ ನಾವೂ ಎಲ್ಲೋ ಒಂದು ಕಚೇರಿ, ಶಾಲೆ, ಸೊಸೈಟಿಯಲ್ಲಿ ಸಹಿ ಹಾಕುವವರೇ ಅಲ್ಲವೆ? ವೀರನ ಕತೆ ಓದಿದರೆ ನಾವು ಚಪ್ಪಾಳೆ ತಟ್ಟಿ ಪಾರಾಗುತ್ತೇವೆ. ಕಾರಕೂನನ ಕತೆ ಓದಿದರೆ ಪಾರಾಗುವ ದಾರಿ ಇಲ್ಲ.

ಆರ್ವೆಲ್ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಅಪ್ಪ ಬ್ರಿಟಿಷ್ ಸರಕಾರದ ಅಫೀಮು ಖಾತೆಯ ನೌಕರ. ಮಗ 1922ರಿಂದ 27ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿ. ಅಧಿಕಾರದ ಲಾಠಿಯನ್ನು ಸ್ವತಃ ಹಿಡಿದವನು, ಹಿಡಿದದ್ದಕ್ಕೆ ಜೀವಮಾನವಿಡೀ ನೊಂದವನು. ಸ್ಪೇನಿನ ಯುದ್ಧದಲ್ಲಿ 1937ರಲ್ಲಿ ಗಂಟಲಿಗೆ ಗುಂಡು ತಗಲಿತು. ಬದುಕಿಕೊಂಡು ಎದ್ದಾಗ, ತನ್ನ ಪಕ್ಕದಲ್ಲಿ ಕಾದಾಡಿದವರನ್ನೇ ದ್ರೋಹಿಗಳೆಂದು ಪತ್ರಿಕೆಗಳು ಬರೆಯುತ್ತಿದ್ದುದನ್ನು ಕಂಡ. ಎರಡನೆಯ ಮಹಾಯುದ್ಧದಲ್ಲಿ ಬಿಬಿಸಿಯಲ್ಲಿದ್ದು ಇಂಡಿಯಾಕ್ಕೆ ಕಾರ್ಯಕ್ರಮ ಕಳಿಸುವ ಕೆಲಸ ಮಾಡಿದ. ಸೆನ್ಸಾರ್ ಎಂದರೇನು, ಸುದ್ದಿಯನ್ನು ಹೇಗೆ ಕತ್ತರಿಸಿ ಹೊಲಿಯುತ್ತಾರೆ ಎಂಬುದನ್ನು ಆ ಕುರ್ಚಿಯಲ್ಲಿ ಕೂತೇ ಕಲಿತ. ಕ್ಷಯ ಉಲ್ಬಣಿಸಿದ್ದಾಗ ಸ್ಕಾಟ್ಲೆಂಡಿನ ಜೂರಾ ದ್ವೀಪದಲ್ಲಿ ಕೂತು ‘1984’ ಬರೆದ. 1949ರ ಜೂನಿನಲ್ಲಿ ಅದು ಪ್ರಕಟವಾಯಿತು, 1950ರ ಜನವರಿಯಲ್ಲಿ ಅವನು ತೀರಿಕೊಂಡ.

ಆ ಪುಸ್ತಕದ ನಾಡನ್ನು ಆಳುವ ದೊಡ್ಡಣ್ಣನ ಚಿತ್ರ, ಗೋಡೆಯಿಂದ ನೋಡುವ ಟೆಲಿಸ್ಕ್ರೀನು, ಕೊನೆಯ ಚಿತ್ರಹಿಂಸೆ, ಇವು ಎಲ್ಲರಿಗೂ ಗೊತ್ತು. ನನಗೆ ಅದರ ಅತ್ಯಂತ ಭಯಂಕರ ಪುಟಗಳು ಚಾಕೊಲೇಟಿನವು. ಚಾಕೊಲೇಟಿನ ಪಡಿತರ 30 ಗ್ರಾಂ ಇದೆ. ಕಡಿಮೆ ಮಾಡುವುದಿಲ್ಲ ಎಂದು ಸರಕಾರ ಮಾತು ಕೊಟ್ಟಿತ್ತು. ಈಗ 20ಕ್ಕೆ ಇಳಿಸುವುದಿದೆ. ವಿನ್‌ಸ್ಟನ್ ಹಳೆಯ ಪತ್ರಿಕೆಯಲ್ಲಿನ ಆ ಮಾತನ್ನೇ ತಿದ್ದಿ, ಇಳಿಸಬೇಕಾದೀತು ಎಂಬ ಮುನ್ಸೂಚನೆಯಾಗಿ ಮಾಡುತ್ತಾನೆ. ಪಡಿತರ ಇಳಿಯುತ್ತದೆ. ಒಂದು ದಿನದೊಳಗೇ ಇನ್ನೊಂದು ಸುದ್ದಿ: ಚಾಕೊಲೇಟನ್ನು ವಾರಕ್ಕೆ 20 ಗ್ರಾಮಿಗೆ ‘ಏರಿಸಿದ್ದಕ್ಕಾಗಿ’ ಜನ ದೊಡ್ಡಣ್ಣನಿಗೆ ಕೃತಜ್ಞತೆಯ ಮೆರವಣಿಗೆ ತೆಗೆದಿದ್ದಾರೆ. ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನವರು ಅದನ್ನು ನಂಬುತ್ತಾರೆ, ನಿನ್ನೆಯ 30 ಯಾರಿಗೂ ನೆನಪಿಲ್ಲ. ವಿನ್‌ಸ್ಟನ್ ತನ್ನೊಬ್ಬನಿಗೇ ನೆನಪಿದೆಯೇ ಎಂದು ಕಂಗಾಲಾಗುತ್ತಾನೆ.

ಇಲ್ಲಿ ಹೊಡೆತವಿಲ್ಲ, ರಕ್ತವಿಲ್ಲ, ಗೂಢಚಾರನೂ ಇಲ್ಲ. ಒಂದು ಅಂಕಿ ಇದೆ, ಅಷ್ಟೆ. ಆದರೆ ಆರ್ವೆಲ್ ಎಷ್ಟು ಸಣ್ಣ ವಸ್ತುವನ್ನು ಆರಿಸಿದ್ದಾನೆ ನೋಡಿ. ಯುದ್ಧದ ಸೋಲನ್ನು ಗೆಲುವೆಂದು ಸಾರಿದರೆ ನಮಗೆ ಪರೀಕ್ಷಿಸಲು ಬರುವುದಿಲ್ಲ, ರಣರಂಗ ದೂರದ್ದು. ಪಡಿತರದ ತೂಕ ಕೈಯಲ್ಲಿರುವುದು. ರೇಶನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರಿಗೆ ಹೋದ ತಿಂಗಳು ಎಷ್ಟು ಕಿಲೋ ಜೋಳ ಸಿಕ್ಕಿತ್ತೆಂದು ಮರೆಯುವುದುಂಟೆ? ಅಂಥದ್ದನ್ನೂ ಮರೆಸಬಲ್ಲ ಸರಕಾರ ಯಾವುದನ್ನು ಮರೆಸಲಾರದು? ಓದುಗ ತಾನಾಗಿ ಈ ಪ್ರಶ್ನೆಗೆ ಬರುತ್ತಾನೆ. ಲೇಖಕ ಕೇಳುವುದೇ ಇಲ್ಲ. ಎಚ್ಚರಿಕೆ ಕೊಡುವ ಕಲೆಯ ಎತ್ತರ ಇದು: ಎಚ್ಚರಿಕೆಯ ಮಾತನ್ನು ಓದುಗನ ಬಾಯಿಂದ ಹೊರಡಿಸುವುದು.

ಆರ್ವೆಲ್‌ನ ಇನ್ನೊಂದು ಪುಸ್ತಕ, 1945ರ ‘ಅನಿಮಲ್ ಫಾರ್ಮ್’, ಇದೇ ಕೆಲಸವನ್ನು ಮಕ್ಕಳಿಗೂ ತಿಳಿಯುವ ಹಾಗೆ ಮಾಡುತ್ತದೆ. ಯಜಮಾನನನ್ನು ಓಡಿಸಿದ ಪ್ರಾಣಿಗಳು ಕೊಟ್ಟಿಗೆಯ ಗೋಡೆಯ ಮೇಲೆ ಏಳು ಕಟ್ಟಳೆ ಬರೆಯುತ್ತವೆ. ಹಂದಿಗಳು ಯಜಮಾನರಾಗುತ್ತ ಹೋದ ಹಾಗೆ ಕಟ್ಟಳೆಗಳಿಗೆ ರಾತ್ರೋರಾತ್ರಿ ಒಂದೆರಡು ಶಬ್ದ ಸೇರಿಕೊಳ್ಳುತ್ತವೆ. ಒಂದು ರಾತ್ರಿ ಏಣಿ ಮುರಿದು ಬಿದ್ದಿದೆ, ಪಕ್ಕದಲ್ಲಿ ಬಣ್ಣದ ಡಬ್ಬಿ, ಕುಂಚ, ಕೆಳಗೆ ಬಿದ್ದು ಮೈಮರೆತ ಹಂದಿ. ಎಲ್ಲ ಪ್ರಾಣಿಗಳೂ ನೋಡುತ್ತವೆ, ಮುದಿ ಕತ್ತೆಯೊಂದರ ಹೊರತು ಯಾರಿಗೂ ತಿಳಿಯುವುದಿಲ್ಲ. ಕ್ಲೋವರ್ ಎಂಬ ಹೆಣ್ಣು ಕುದುರೆಗೆ ಏನೋ ತಪ್ಪಿದೆ ಎಂದು ಆಗಾಗ ಅನ್ನಿಸುತ್ತದೆ. ಅವಳಿಗೆ ಓದು ಬಾರದು. ಮೇಕೆಯನ್ನು ಕರೆದು ಗೋಡೆ ಓದಿಸುತ್ತಾಳೆ. ಗೋಡೆಯ ಮೇಲೆ ಹಾಗೆಯೇ ಇದೆ ಎಂದಮೇಲೆ ತನ್ನ ನೆನಪೇ ತಪ್ಪಿರಬೇಕು ಎಂದು ಸುಮ್ಮನಾಗುತ್ತಾಳೆ.

ಗಡಿಯ ಊರುಗಳಲ್ಲಿ ಈ ಕ್ಲೋವರ್ ನಮಗೆ ಮನೆಯವಳಂತೆ ಪರಿಚಿತಳು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಹೊಲದ ಸಾತಬಾರಾ ಉತಾರಾ, ಅಂದರೆ ಜಮೀನಿನ ದಾಖಲೆ, ಮರಾಠಿಯಲ್ಲಿ ಬರುತ್ತದೆ. ಕನ್ನಡ ಬಿಟ್ಟು ಬೇರೆ ಬಾರದ, ಅಕ್ಷರವೂ ಬಾರದ ಮುದುಕಿ ಅದನ್ನು ಮೊಮ್ಮಗಳ ಕೈಗೆ ಕೊಟ್ಟು, ‘ಏನ್ ಬರ್ದಾರ ನೋಡವಾ’ ಎನ್ನುತ್ತಾಳೆ. ಮೊಮ್ಮಗಳು ಓದಿದ್ದೇ ಅವಳ ಪಾಲಿಗೆ ಕಾಗದ. ಓದುವವಳು ಮೊಮ್ಮಗಳಾದ್ದರಿಂದ ಅಲ್ಲಿ ಭಯವಿಲ್ಲ. ಓದಿ ಹೇಳುವವನೂ ತಿದ್ದುವವನೂ ಒಬ್ಬನೇ ಆದರೆ ಏನು ಗತಿ ಎಂಬುದನ್ನು ಈ ಮುದುಕಿಗೆ ವಿವರಿಸಿ ಹೇಳಬೇಕಾಗಿಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ಆಕೆ ಮೂರು ಜನರಿಂದ ಓದಿಸುತ್ತಾಳೆ. ಅನಿಮಲ್ ಫಾರ್ಮಿನಲ್ಲಿ ಇಲ್ಲದ್ದು ಆ ಇನ್ನಿಬ್ಬರು.

ಹೆದರಿಸಿಯೇ ಆಳಬೇಕೆಂದಿಲ್ಲ ಎಂದು ತೋರಿಸಿದವನು ಆಲ್ಡಸ್ ಹಕ್ಸ್ಲಿ. ಅವನ ‘ಬ್ರೇವ್ ನ್ಯೂ ವರ್ಲ್ಡ್’ (1932) ನಾಡಿನಲ್ಲಿ ಸೋಮ ಎಂಬ ಗುಳಿಗೆ ಇದೆ, ದುಃಖ ಬಂದರೆ ನುಂಗಬೇಕು. ಯಾರಿಗೂ ಬಿಡುಗಡೆ ಬೇಕಿಲ್ಲ. ವಿಚಾರವಾಗಿ ಇದು ಬಹಳ ಚೂಪಾದದ್ದು, ಒಪ್ಪುತ್ತೇನೆ. ಆದರೆ ಅದರ ಪಾತ್ರಗಳು ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ. ಕೆನಡಾದ ಮಾರ್ಗರೆಟ್ ಆಟ್‌ವುಡ್‌ಳ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ (1985) ಹಾಗಲ್ಲ. 1984ರಲ್ಲಿ, ಗೋಡೆ ಇನ್ನೂ ನಿಂತಿದ್ದ ಪಶ್ಚಿಮ ಬರ್ಲಿನ್ನಿನಲ್ಲಿದ್ದಾಗ ಅದನ್ನು ಬರೆಯಲು ಶುರುಮಾಡಿದವಳು ಅವಳು. ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದಳು: ಮನುಷ್ಯರು ಎಲ್ಲೋ ಎಂದೋ ನಿಜವಾಗಿ ಮಾಡಿರದ ಯಾವುದನ್ನೂ ಪುಸ್ತಕದಲ್ಲಿ ತರಕೂಡದು. ಹೆಣ್ಣುಮಕ್ಕಳನ್ನು ಹೆರುವ ಯಂತ್ರ ಮಾಡಿಕೊಂಡ ಆ ನಾಡಿನ ಪ್ರತಿಯೊಂದು ಕ್ರೌರ್ಯಕ್ಕೂ ಇತಿಹಾಸದಲ್ಲಿ ಹೆತ್ತವರಿದ್ದಾರೆ.

ಅದರಲ್ಲೂ ಆ ನಾಡು ಬದಲಾದ ದಿನವನ್ನು ಅವಳು ಬರೆದ ಬಗೆಯನ್ನು ನೋಡಬೇಕು. ಕತೆ ಹೇಳುವ ಹೆಂಗಸು ಅಂಗಡಿಗೆ ಸಿಗರೇಟು ಕೊಳ್ಳಲು ಹೋಗುತ್ತಾಳೆ. ಅವಳ ಕಾರ್ಡು ನಡೆಯುವುದಿಲ್ಲ. ಯಂತ್ರ ಕೆಟ್ಟಿರಬೇಕು ಎಂದುಕೊಳ್ಳುತ್ತಾಳೆ. ಅದೇ ದಿನ ಕಚೇರಿಯಲ್ಲಿ ಹೆಂಗಸರನ್ನೆಲ್ಲ ಕೆಲಸದಿಂದ ತೆಗೆಯುತ್ತಾರೆ. ಸಂಜೆಯ ಹೊತ್ತಿಗೆ ತಿಳಿಯುತ್ತದೆ: ಹೆಂಗಸರ ಖಾತೆಗಳ ಹಣವೆಲ್ಲ ಇನ್ನು ಗಂಡನದು, ಗಂಡನಿಲ್ಲದಿದ್ದರೆ ಹತ್ತಿರದ ಗಂಡು ಸಂಬಂಧಿಯದು. ಗಂಡ ಒಳ್ಳೆಯವನು, ಸಮಾಧಾನ ಹೇಳುತ್ತಾನೆ, ತಾನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಆ ಒಳ್ಳೆಯತನವೇ ಅವಳಿಗೆ ಚುಚ್ಚುತ್ತದೆ. ಅವನಿಗೆ ಈ ಬದಲಾವಣೆ ಅಷ್ಟೇನೂ ಬೇಸರವಾಗಿಲ್ಲವೇನೋ ಎಂಬ ಸಂಶಯ ಅವಳ ಮನಸ್ಸಿನಲ್ಲಿ ಮೂಡುತ್ತದೆ, ಅದನ್ನು ಕೇಳುವ ಧೈರ್ಯ ಆಗುವುದಿಲ್ಲ. ಸರಕಾರವೊಂದು ಗಂಡಹೆಂಡಿರ ನಡುವಿನ ಹಾಸಿಗೆಯ ಮೇಲೆ ಬಂದು ಕೂತದ್ದನ್ನು ಇಷ್ಟು ಮೆಲ್ಲಗೆ ಬರೆದವರು ಕಡಿಮೆ. ನಮ್ಮ ಊರುಗಳಲ್ಲಿ ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಪಾಸ್‌ಬುಕ್ಕನ್ನು ಸೀರೆಯ ಗಂಟಿನ ನಡುವೆ ಜೋಪಾನವಾಗಿಡುವ ಹೆಣ್ಣುಮಕ್ಕಳಿಗೆ ಈ ಭಾಗವನ್ನು ಓದಿ ಹೇಳಿದರೆ, ಟಿಪ್ಪಣಿ ಬೇಕಾಗುವುದಿಲ್ಲ.

ಕನ್ನಡದಲ್ಲಿ ಈ ಕಸುಬಿಗೆ ತೀರ ಹತ್ತಿರದ ಕೃತಿ ಕಾದಂಬರಿಯಲ್ಲ, ನಾಟಕ. ನಾಳೆಯದಲ್ಲ, ಹದಿನಾಲ್ಕನೆಯ ಶತಮಾನದ್ದು. ಗಿರೀಶ ಕಾರ್ನಾಡರ ‘ತುಘಲಕ್’, 1964. ಮಹಮ್ಮದ್ ಬಿನ್ ತುಘಲಕ್ 1327ರಲ್ಲಿ ರಾಜಧಾನಿಯನ್ನು ದಿಲ್ಲಿಯಿಂದ ದೇವಗಿರಿಗೆ, ಅಂದರೆ ದೌಲತಾಬಾದಿಗೆ ತಂದ. ಅದು ನಮ್ಮ ದಖ್ಖನ್ನಿನ ಮಣ್ಣು. ಅವನ ವಿರುದ್ಧ ಅಲ್ಲಿ ಎದ್ದ ದಂಗೆಯಿಂದಲೇ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರ್ಗಿ ಅದರ ರಾಜಧಾನಿಯಾಯಿತು. ಹಾಗಾಗಿ ಭೀಮಾತೀರದ ಓದುಗರಿಗೆ ಈ ನಾಟಕ ದೂರದ ದಿಲ್ಲಿಯದಲ್ಲ.

ಕಾರ್ನಾಡರ ಸುಲ್ತಾನ ಕೆಟ್ಟವನಾಗಿ ಹೊರಡುವುದಿಲ್ಲ. ನಾಟಕ ಶುರುವಾದಾಗ ಒಬ್ಬ ಬ್ರಾಹ್ಮಣ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದಿದ್ದಾನೆ. ಸುಲ್ತಾನ ತಲೆಬಾಗಿ ತೀರ್ಪು ಒಪ್ಪುತ್ತಾನೆ. ಎಂಥ ನ್ಯಾಯ! ಆದರೆ ಆ ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ, ಅಜೀಜ್ ಎಂಬ ಅಗಸ, ವೇಷ ಹಾಕಿ ಬಂದವನು. ಆದರ್ಶದ ಮೊದಲ ಹೆಜ್ಜೆಯ ಅಡಿಯಲ್ಲೇ ಮೋಸ ಕೂತಿದೆ. ನಾಟಕ ಮುಂದುವರಿದ ಹಾಗೆ ಸುಲ್ತಾನನ ದೊಡ್ಡ ಕನಸುಗಳ ಅರ್ಥ ಎಲ್ಲರಿಗಿಂತ ಚೆನ್ನಾಗಿ ಗೊತ್ತಾಗುವುದು ಈ ಅಜೀಜನಿಗೇ. ದೌಲತಾಬಾದಿನ ದಾರಿಯಲ್ಲಿ ಸಾಯುತ್ತಿರುವ ಕೂಸನ್ನು ವೈದ್ಯನ ಹತ್ತಿರ ಒಯ್ಯಲು ಅನುಮತಿ ಬೇಡುವ ತಾಯಿಯಿಂದ ಲಂಚ ಕೇಳುವ ಅಧಿಕಾರಿ ಅವನೇ. ಸುಲ್ತಾನ ತಾಮ್ರದ ನಾಣ್ಯ ಹೊರಡಿಸಿದಾಗ ಖೋಟಾ ಟಂಕಸಾಲೆಗೆ ಇಳಿಯುವವನೂ ಅವನೇ. ಪವಿತ್ರ ಅತಿಥಿಯ ವೇಷದಲ್ಲಿ ಬಂದು ಸುಲ್ತಾನನ ಸ್ವಾಗತ ಪಡೆಯುವವನೂ ಅವನೇ. ಕೊನೆಗೆ ಗುಟ್ಟು ರಟ್ಟಾದಾಗ ಸುಲ್ತಾನ ಅವನನ್ನು ಕೊಲ್ಲಿಸುವುದಿಲ್ಲ, ದಖ್ಖನ್ನಿಗೆ ಅಧಿಕಾರಿಯಾಗಿ ಕಳಿಸುತ್ತಾನೆ. ತನ್ನ ಆಳ್ವಿಕೆಯನ್ನು ಪೂರ್ತಿ ಅರ್ಥಮಾಡಿಕೊಂಡ ಒಬ್ಬನೇ ಪ್ರಜೆಯನ್ನು ಅವನು ಹೇಗೆ ಕೊಂದಾನು?

ಈ ನಾಟಕದ ಒಂದು ಘಟ್ಟ ಆರ್ವೆಲ್‌ನ ಸತ್ಯ ಸಚಿವಾಲಯಕ್ಕೆ ಸರಿಸಮ ನಿಲ್ಲುತ್ತದೆ. ನಮಾಜಿನ ಹೊತ್ತಿನಲ್ಲಿ ಸುಲ್ತಾನನನ್ನು ಕೊಲ್ಲಲು ಅಮೀರರು ಸಂಚು ಮಾಡುತ್ತಾರೆ. ಸುಲ್ತಾನನಿಗೆ ಮೊದಲೇ ಸುಳಿವು ಸಿಕ್ಕಿದೆ. ಸಂಚಿನಲ್ಲಿದ್ದ ಶಿಹಾಬುದ್ದೀನನನ್ನು ಸ್ವಂತ ಕೈಯಿಂದ ಇರಿದು ಕೊಲ್ಲುತ್ತಾನೆ. ಆಮೇಲೆ ಅಪ್ಪಣೆ: ಶಿಹಾಬುದ್ದೀನ ಸುಲ್ತಾನನನ್ನು ರಕ್ಷಿಸುತ್ತ ಪ್ರಾಣ ಕೊಟ್ಟನೆಂದು ಸಾರಿ, ಅವನಿಗೆ ಗೌರವದ ಅಂತ್ಯಕ್ರಿಯೆಯಾಗಲಿ. ಅದೇ ಉಸಿರಿನಲ್ಲಿ ಇನ್ನೊಂದು ಅಪ್ಪಣೆ: ರಾಜ್ಯದಲ್ಲಿ ಇನ್ನು ನಮಾಜು ಬೇಡ. ಕೊಂದವನೇ ಹುತಾತ್ಮನ ಪಟ್ಟ ಕೊಡುತ್ತಾನೆ, ಜನರ ಪ್ರಾರ್ಥನೆಯನ್ನು ಬಂದ್ ಮಾಡುತ್ತಾನೆ. ಹೆಣವೂ ಸರಕಾರದ್ದು, ಹೆಣದ ಕತೆಯೂ ಸರಕಾರದ್ದು. ನಾಲ್ಕು ಹುತಾತ್ಮರ ಪುತ್ಥಳಿಗಳಿಗೆ ಕೈಮುಗಿಯುವ ಜಿಲ್ಲೆಯವನಾಗಿ ಹೇಳುತ್ತೇನೆ: ಹುತಾತ್ಮರನ್ನು ಜನ ಆರಿಸಿದರೆ ಊರು ಬದುಕಿದೆ ಎಂದರ್ಥ. ಆಳುವವರು ಆರಿಸಿಕೊಟ್ಟರೆ ಆ ದೃಶ್ಯವನ್ನು ಒಮ್ಮೆ ನೆನೆಯಬೇಕು.

1964ರಲ್ಲಿ ನೆಹರೂ ತೀರಿಕೊಂಡರು. ಆಗ ನಾಟಕ ನೋಡಿದವರಿಗೆ ಅದರಲ್ಲಿ ಸ್ವಾತಂತ್ರ್ಯದ ನಂತರದ ಭ್ರಮನಿರಸನ ಕಂಡಿತು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು, ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಅದೇ ನಾಟಕ ಬೇರೆ ಮುಖ ತೋರಿಸಿತು. ಕನ್ನಡದ ಮಟ್ಟಿಗೆ ಆ ಇಪ್ಪತ್ತೊಂದು ತಿಂಗಳ ದೊಡ್ಡ ಗಾಯ ಸ್ನೇಹಲತಾ ರೆಡ್ಡಿ. 1970ರ ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿಯಾದವರು; ಅದರಲ್ಲಿ ಪ್ರಾಣೇಶಾಚಾರ್ಯನಾದವರು ತುಘಲಕ್ ಬರೆದ ಕಾರ್ನಾಡರೇ. 1976ರ ಮೇ ತಿಂಗಳಲ್ಲಿ ಸ್ನೇಹಲತಾರನ್ನು ಹಿಡಿದು ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾ ಇದ್ದ ಹೆಣ್ಣುಮಗಳು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಂದು ಕೆಲವೇ ದಿನಗಳಲ್ಲಿ, 20ರಂದು, ತೀರಿಕೊಂಡರು. ಜೈಲಿನಲ್ಲಿ ಅವರು ದಿನಚರಿ ಬರೆಯುತ್ತಿದ್ದರು. ‘1984’ರ ವಿನ್‌ಸ್ಟನ್ನನ ಮೊದಲ ಅಪರಾಧವೂ ದಿನಚರಿಯೇ. ಕದ್ದು ಕೊಂಡ ಪುಸ್ತಕದಲ್ಲಿ, ಟೆಲಿಸ್ಕ್ರೀನಿಗೆ ಕಾಣದ ಮೂಲೆಯಲ್ಲಿ ಕೂತು ತಾರೀಕು ಬರೆಯುತ್ತಾನೆ, ಬರೆದು ಆ ತಾರೀಕು ನಿಜವೋ ಅಲ್ಲವೋ ಎಂದು ಸಂಶಯಪಡುತ್ತಾನೆ. ಈ ಇಬ್ಬರಲ್ಲಿ ಒಬ್ಬರು ಕತೆಯವರು, ಒಬ್ಬರು ನಮ್ಮವರು. ಯಾರದು ಯಾವುದೆಂದು ಗೆರೆ ಎಳೆಯಲು ನನಗೆ ಮನಸ್ಸಾಗುವುದಿಲ್ಲ.

1984ನೆಯ ಇಸವಿ ಬಂತು, ಹೋಯಿತು, ಆರ್ವೆಲ್ ಹೇಳಿದ ಹಾಗೆ ಆಗಲಿಲ್ಲ ಎನ್ನುವವರಿದ್ದಾರೆ. ಅವರು ಈ ಕಾದಂಬರಿಗಳನ್ನು ಕಾಲಜ್ಞಾನದ ಹಾಗೆ ಓದುತ್ತಾರೆ. ನಮ್ಮ ಸೀಮೆಯಲ್ಲಿ ಆ ಪರಂಪರೆ ಬಹಳ ಗಟ್ಟಿ. ಕೊಡೇಕಲ್ಲ ಬಸವಣ್ಣನ ಕಾಲಜ್ಞಾನದ ವಚನಗಳಿವೆ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕದ ಒಂದು ಸಾಲಿಗೆ ಲಕ್ಷ ಜನ ಕಿವಿಗೊಡುತ್ತಾರೆ. ಕಾರಣಿಕ ನಡೆದರೆ ನಿಜ, ನಡೆಯದಿದ್ದರೆ ಅರ್ಥ ಬೇರೆ ಇತ್ತು ಎನ್ನುತ್ತೇವೆ. ಡಿಸ್ಟೋಪಿಯ ಬರೆಯುವವನಿಗೆ ತನ್ನ ಮಾತು ನಿಜವಾಗುವುದೇ ಬೇಡ. ಹೀಗಾಗುತ್ತದೆ ಎಂದು ಅವನು ನುಡಿಯುವುದಿಲ್ಲ. ಈಗಾಗಲೇ ಇರುವ ಒಂದು ಸಣ್ಣ ಚಾಳಿಯನ್ನು ಎತ್ತಿಕೊಂಡು, ಯಾರೂ ತಡೆಯದಿದ್ದರೆ ಅದು ಎಲ್ಲಿಯವರೆಗೆ ಹೋಗಬಲ್ಲದೆಂದು ನಡೆದು ನೋಡುತ್ತಾನೆ. ಆದ್ದರಿಂದ ಅವನ ಪುಸ್ತಕದ ತಾರೀಕು ಮುಗಿದುಹೋದರೂ ಪುಸ್ತಕ ಮುಗಿಯುವುದಿಲ್ಲ.

ಈ ಕಸುಬುಗಾರರು ತಮ್ಮ ಕತ್ತಲಿನಲ್ಲಿ ಒಂದು ಕಿಟಕಿ ಇಡುವುದನ್ನು ಬಹಳ ಓದುಗರು ಗಮನಿಸುವುದಿಲ್ಲ. ‘1984’ ವಿನ್‌ಸ್ಟನ್ನನ ಸೋಲಿನಿಂದ ಮುಗಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಮುಗಿಯುವುದು ಅಲ್ಲಲ್ಲ. ಆಮೇಲೆ ಒಂದು ಅನುಬಂಧವಿದೆ, ಆ ನಾಡಿನವರು ಜನರ ಯೋಚನೆಯನ್ನು ಕುಗ್ಗಿಸಲು ಕಟ್ಟಿದ ಹೊಸನುಡಿಯ ವ್ಯಾಕರಣ. ಒಣ ಬರಹವೆಂದು ಹಲವರು ಬಿಡುತ್ತಾರೆ. ಅದನ್ನು ಬರೆದದ್ದು ಭೂತಕಾಲದಲ್ಲಿ, ಹಳೆಯ, ಸ್ವತಂತ್ರ ಭಾಷೆಯಲ್ಲಿ. ಹೊಸನುಡಿ ಹೀಗಿತ್ತು, ಅದರ ಉದ್ದೇಶ ಇಂಥದಿತ್ತು ಎಂದು ಯಾರೋ ಪಂಡಿತ ನಿಶ್ಚಿಂತೆಯಿಂದ ವಿವರಿಸುತ್ತಿದ್ದಾನೆ. ಅಂದರೆ ಆ ಸರಕಾರ ಬಿದ್ದುಹೋಗಿರಬೇಕು. ಹೇಗೆ ಬಿತ್ತು ಎಂಬುದನ್ನು ಆರ್ವೆಲ್ ಹೇಳುವುದಿಲ್ಲ. ಆಟ್‌ವುಡ್ ಈ ಪಾಠವನ್ನು ಚೆನ್ನಾಗಿ ಕಲಿತಳು. ಅವಳ ಕಾದಂಬರಿಯ ಕೊನೆಯಲ್ಲಿ 2195ರ ಒಂದು ವಿದ್ವತ್ ಸಮ್ಮೇಳನ ನಡೆಯುತ್ತದೆ, ಪ್ರಾಧ್ಯಾಪಕರು ಆ ಕ್ರೂರ ನಾಡಿನ ಬಗ್ಗೆ ಪ್ರಬಂಧ ಓದುತ್ತಾರೆ, ಜೋಕು ಹೇಳುತ್ತಾರೆ. ಆ ಜೋಕುಗಳೂ ಒಂದು ಎಚ್ಚರಿಕೆ: ಬದುಕುಳಿದವರ ಮೊಮ್ಮಕ್ಕಳು ಎಷ್ಟು ಬೇಗ ಹಗುರಾಗುತ್ತಾರೆ! ‘ತುಘಲಕ್’ ನಾಟಕದಲ್ಲಿ ಈ ಕಿಟಕಿ ಎಂದರೆ ಇತಿಹಾಸಕಾರ ಬರನಿ. ಸುಲ್ತಾನನನ್ನು ಪ್ರೀತಿಸುತ್ತಲೇ ಬಂದವನು ಕೊನೆಗೆ ಬಿಟ್ಟು ಹೊರಡುತ್ತಾನೆ. ಚರಿತ್ರೆಯ ಜಿಯಾವುದ್ದೀನ್ ಬರನಿ ಬರೆದ 14ನೆಯ ಶತಮಾನದ ಗ್ರಂಥ ಇಂದಿಗೂ ಇದೆ.

ಈ ಕೃತಿಗಳನ್ನು ಹೊಸದಾಗಿ ಓದಲು ಹೊರಟವರಿಗೆ ನನ್ನ ಸಲಹೆ ‘1984’ರಿಂದ ಶುರುಮಾಡಬೇಡಿ ಎಂದು. ಅದು ಭಾರವಾದ ಪುಸ್ತಕ, ಅರ್ಧಕ್ಕೆ ಬಿಡುವವರೇ ಹೆಚ್ಚು. ಮೊದಲು ‘ತುಘಲಕ್’ ಓದಿ, ಸಾಧ್ಯವಾದರೆ ನಾಲ್ಕು ಜನ ಕೂಡಿ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಅಜೀಜನ ಪಾತ್ರವನ್ನು ಗುಂಪಿನ ಅತ್ಯಂತ ಚುರುಕಿನ ಹುಡುಗನಿಗೆ ಕೊಡಿ. ಆಮೇಲೆ ‘ಅನಿಮಲ್ ಫಾರ್ಮ್’, ಅದು ಎರಡು ಸಂಜೆಯ ಓದು, ಮಕ್ಕಳನ್ನೂ ಕೂರಿಸಿಕೊಳ್ಳಬಹುದು. ಗೋಡೆಯ ಕಟ್ಟಳೆ ಬದಲಾದಾಗಲೆಲ್ಲ ಪುಟ ಹಿಂದಕ್ಕೆ ತಿರುಗಿಸಿ, ಮೊದಲು ಏನು ಬರೆದಿತ್ತೆಂದು ಅವರಿಂದಲೇ ಹುಡುಕಿಸಿ. ಈ ಎರಡು ಮುಗಿದ ಮೇಲೆ ‘1984’ ಹಿಡಿಯಿರಿ, ಅನುಬಂಧವನ್ನು ಬಿಡದೆ ಓದಿ.